ಹಿತ್ತಲಲ್ಲಿ 21 ಕೋಳಿ, ಕೈಯಲ್ಲೊಂದು ನೋಟಿಸು

ಪುರಸಭೆಯಿಂದ ಬಂದ ನೋಟಿಸಿನಲ್ಲಿ ಇದ್ದದ್ದು ನಾಲ್ಕೇ ಸಾಲು. ವಾಸದ ಬಡಾವಣೆಯಲ್ಲಿ ಪರವಾನಗಿ ಇಲ್ಲದೆ ಕೋಳಿ ಫಾರಂ ನಡೆಸುತ್ತಿರುವುದಾಗಿ ಸಾರ್ವಜನಿಕರಿಂದ ದೂರು ಬಂದಿದೆ, ನೋಟಿಸು ತಲುಪಿದ 7 ದಿನದೊಳಗೆ ಸದರಿ ಕೋಳಿಗಳನ್ನು ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು. ಕೆಳಗೆ ಮುಖ್ಯಾಧಿಕಾರಿಗಳ ಸಹಿ, ದುಂಡು ಸೀಲು. ಯಾವ ಕಾಯ್ದೆ, ಯಾವ ಕಲಂ, ಯಾವ ಉಪವಿಧಿ (ಸ್ಥಳೀಯ ಸಂಸ್ಥೆ ತಾನೇ ಮಾಡಿಕೊಂಡ ನಿಯಮ, ಬೈಲಾ) ಎಂಬುದು ಮಾತ್ರ ಎಲ್ಲೂ ಇಲ್ಲ.

ಊರು ಹಳೆ ಮೈಸೂರು ಸೀಮೆಯ ಒಂದು ಪುರಸಭೆ ಪಟ್ಟಣ. ನಾನು ವಕೀಲ, ಇಂಥ ನೋಟಿಸಿಗೆ ಉತ್ತರ ಬರೆಸಿಕೊಳ್ಳಲು ಜನ ಆಗಾಗ ಬರುತ್ತಾರೆ. ಒಂದೇ ಬಗೆಯ ಕೆಲವು ತಕರಾರುಗಳನ್ನು ಸೇರಿಸಿ, ಗುರುತು ಸಿಗುವ ವಿವರ ಬದಲಿಸಿ, ಒಂದು ಮನೆಯ ಪ್ರಕರಣವಾಗಿ ಇಲ್ಲಿ ಬರೆದಿದ್ದೇನೆ. ಕಾನೂನಿನ ಭಾಗಕ್ಕೆ ಮಾತ್ರ ಕೈ ಹಾಕಿಲ್ಲ.

ಮನೆ 30-40 ಸೈಟಿನದು. ಹಿಂದೆ ಬಿಟ್ಟ ಹತ್ತು ಹನ್ನೆರಡು ಅಡಿ ಜಾಗದಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು, ಹಳೆಯ ಬಾಗಿಲು ಮತ್ತು ಕಬ್ಬಿಣದ ಜಾಲರಿ ಸೇರಿಸಿ ಕಟ್ಟಿದ ಗೂಡು. ಮನೆಯೊಡತಿ ಹೊಲಿಗೆ ಕೆಲಸದವರು. ಮನೆಗೆ ಮೊಟ್ಟೆಯಾಗಲಿ ಎಂದು ತವರಿನಿಂದ ತಂದ ನಾಲ್ಕು ಹೇಂಟೆ ಕಾವು ಕೂತು, ಮರಿ ಮಾಡಿ, ನೋಟಿಸು ಬರುವ ಹೊತ್ತಿಗೆ 18 ಹೇಂಟೆ, 3 ಹುಂಜ ಆಗಿದ್ದವು. ಮರಿಗಳ ಲೆಕ್ಕ ಬೇರೆ. ಬೀದಿಯವರೇ ಮೊದಲು ಮೊಟ್ಟೆ ಕೇಳಿಕೊಂಡು ಬಂದದ್ದು. ಆಮೇಲೆ ಹಬ್ಬಕ್ಕೆ ಕೋಳಿ ಕೇಳಿದರು. ಆಮೇಲೆ "ಅಕ್ಕ, ನೀವೇ ಕುಯ್ದು ಕ್ಲೀನ್ ಮಾಡಿ ಕೊಟ್ಬಿಡಿ" ಅಂದರು. ಭಾನುವಾರ ಭಾನುವಾರ ಹಿತ್ತಲಲ್ಲಿ ನಾಲ್ಕೈದು ಕೋಳಿ ಕೊಯ್ಯುವುದು ರೂಢಿಯಾಯಿತು. ಮಗ ಗೇಟಿಗೆ ಒಂದು ರಟ್ಟು ಕಟ್ಟಿದ: "ನಾಟಿ ಕೋಳಿ, ಮೊಟ್ಟೆ, ಮಾಂಸ ದೊರೆಯುತ್ತದೆ".

ಗೋಡೆಯ ಆಚೆ ಬದಿಗೆ ನಿವೃತ್ತ ಮೇಷ್ಟ್ರ ಅಡುಗೆಮನೆ ಕಿಟಕಿ. ಅವರು ಮೊದಲು ಬಾಯಲ್ಲಿ ಹೇಳಿದ್ದರು, ಹುಂಜ ನಸುಕಿಗೇ ಎಬ್ಬಿಸುತ್ತದೆ ಎಂದು. ನಂತರ ನೊಣದ ಮಾತು ಬಂತು. ಯಾವುದಕ್ಕೂ ಪರಿಹಾರ ಕಾಣದೆ ಇಬ್ಬರ ನಡುವೆ ಮಾತು ನಿಂತಿತ್ತು. 2025ರ ಫೆಬ್ರುವರಿ ಕೊನೆಯ ಹೊತ್ತಿಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಪತ್ರಿಕೆಗಳ ತುಂಬ ಅದೇ ಸುದ್ದಿಯಾದಾಗ ಮೇಷ್ಟ್ರು ಪೆನ್ನು ಹಿಡಿದರು. ಅವರ ದೂರು ಮೂರು ಪುಟ. ಕೊನೆಯಲ್ಲಿ ಕೆಂಪು ಗೆರೆ ಎಳೆದ ಒಂದು ಸಾಲು: ಕೋಳಿ ಫಾರಂ ಜನವಸತಿಯಿಂದ 500 ಮೀಟರ್ ದೂರವಿರಬೇಕೆಂದು ಸರ್ಕಾರದ ನಿಯಮವಿದೆ. ಯುಗಾದಿಗೆ, ಅಂದರೆ ಅದರ ಮರುದಿನದ ಮಾಂಸದೂಟವಾದ ವರ್ಷತೊಡಕಿನ ವ್ಯಾಪಾರಕ್ಕೆ, ಕೆಲವೇ ವಾರ ಇರುವಾಗ ನೋಟಿಸು ಬಂತು.

500 ಮೀಟರಿನ ಮಾತು

ಮೇಷ್ಟ್ರು ಸುಳ್ಳು ಬರೆದಿರಲಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಳಿ ಫಾರಂ ಮಾರ್ಗಸೂಚಿಯಲ್ಲಿ 500 ಮೀಟರ್ ಇದೆ. ಆದರೆ ಅದೇ ಮಾರ್ಗಸೂಚಿ "ಸಣ್ಣ ಫಾರಂ" ಎಂದು ಕರೆಯುವುದು 5,000ದಿಂದ 25,000 ಕೋಳಿ ಇರುವ ಕಡೆಯನ್ನು. 25,000ದಿಂದ 1 ಲಕ್ಷದವರೆಗೆ ಮಧ್ಯಮ, ಅದರಾಚೆಗೆ ದೊಡ್ಡದು. ದೂರದ ಲೆಕ್ಕ ಹುಟ್ಟಿದ್ದು ಅಂಥ ಶೆಡ್ಡುಗಳಿಂದ ಬರುವ ವಾಸನೆ ಮತ್ತು ನೊಣದ ಕಾರಣಕ್ಕೆ. 21 ಕೋಳಿಗೆ ಅದನ್ನು ಹಚ್ಚಿದರೆ ಕರ್ನಾಟಕದ ಯಾವ ಹಳ್ಳಿಯಲ್ಲೂ ಒಂದು ಹೇಂಟೆ ಉಳಿಯುವುದಿಲ್ಲ.

ಆದ್ದರಿಂದ ನೋಟಿಸಿನ "ಕೋಳಿ ಫಾರಂ" ಎಂಬ ಶಬ್ದವನ್ನು ಒಪ್ಪಿಕೊಳ್ಳಬಾರದಿತ್ತು. ನಾನು ಬರೆದ ಉತ್ತರದ ಮೊದಲ ಕಂಡಿಕೆಯೇ ಅದು: ಇದು ಮನೆಬಳಕೆಗೆ ಸಾಕಿದ ಹಿತ್ತಲ ಕೋಳಿ, ಫಾರಂ ಅಲ್ಲ, ಇಷ್ಟು ಸಂಖ್ಯೆ, ಇಷ್ಟು ಜಾಗ. ಎರಡನೆಯ ಕಂಡಿಕೆಯಲ್ಲಿ, ಯಾವ ಕಲಂ ಮತ್ತು ಯಾವ ಉಪವಿಧಿಯಡಿ ತೆರವಿಗೆ ಹೇಳುತ್ತಿದ್ದೀರಿ, ಅದರ ನಕಲು ಕೊಡಿ ಎಂದು ಕೇಳಿದೆವು. ಮಾಹಿತಿ ಹಕ್ಕಿನ ಅರ್ಜಿಯನ್ನೂ ಜೊತೆಗೇ ಹಾಕಿಸಿದೆ. ಅದಕ್ಕೆ 30 ದಿನದ ಗಡುವು, ನೋಟಿಸಿಗೆ 7 ದಿನ. ಅರ್ಜಿಯ ಉತ್ತರ ಬರಲಿ ನೋಡೋಣ ಎಂದು ಕೂತರೆ ನೋಟಿಸಿನ ಗಡುವು ದಾಟಿ ಹೋಗುತ್ತದೆ. ಉತ್ತರ ಮೊದಲು ಹೋಗಬೇಕು, ಅದಕ್ಕೆ ಟಪಾಲು ಶಾಖೆಯ ಸ್ವೀಕೃತಿ ಸೀಲು ಬೇಕು. ನೋಟಿಸು ಪ್ರಕರಣಗಳಲ್ಲಿ ಜನ ಸೋಲುವುದು ಬಹುಪಾಲು ಇಲ್ಲಿಯೇ. ಬಾಯಲ್ಲಿ ಹೋಗಿ ಹೇಳಿ ಬರುತ್ತಾರೆ, ಕಾಗದ ಇರುವುದಿಲ್ಲ.

ಉಪವಿಧಿಯ ನಕಲು ಕೇಳಿದ್ದು ತಕರಾರಿಗಾಗಿ ಅಲ್ಲ. ಪುರಸಭೆ, ನಗರಸಭೆಗಳಿಗೆ ಅನ್ವಯಿಸುವುದು 1964ರ ಪೌರಸಭೆಗಳ ಅಧಿನಿಯಮ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರದು. ಗ್ರಾಮ ಪಂಚಾಯಿತಿಗೆ 1993ರದು. ಊರಿನ ನೈರ್ಮಲ್ಯ ಕಾಯಲು, ಉಪದ್ರವ ತೆಗೆಸಲು, ಸುತ್ತಲಿನವರಿಗೆ ತೊಂದರೆ ತರುವಂಥ ಉದ್ದಿಮೆಗೆ ಪರವಾನಗಿ ಕೇಳಲು ಸ್ಥಳೀಯ ಸಂಸ್ಥೆಗೆ ಅಧಿಕಾರವಿದೆ, ಉಪವಿಧಿ ಮಾಡಿಕೊಳ್ಳುವ ಅಧಿಕಾರವೂ ಇದೆ. ಒಂದು ಊರಿನಲ್ಲಿ ಸಂಖ್ಯೆಗೆ ಮಿತಿ ಇರಬಹುದು, ಪಕ್ಕದ ಊರಿನಲ್ಲಿ ಮಾತೇ ಇಲ್ಲದಿರಬಹುದು. ಇಲ್ಲಿ ಸಿಕ್ಕ ಲಿಖಿತ ಉತ್ತರದ ಪ್ರಕಾರ ಕೋಳಿ ಸಾಕಣೆ ಬಗ್ಗೆ ಪ್ರತ್ಯೇಕ ಉಪವಿಧಿ ಇರಲಿಲ್ಲ. ಮಾಂಸದ ಅಂಗಡಿ ಪರವಾನಗಿಯ ಷರತ್ತುಗಳು ಮಾತ್ರ ಇದ್ದವು.

ಇದರಿಂದ ಮನೆಯೊಡತಿಗೆ ಖುಷಿಯಾಯಿತು. "ಹಂಗಾದ್ರೆ ನಾವು ಗೆದ್ದಂಗೆ ಅಲ್ವಾ ಸಾರ್?" ಉಪವಿಧಿ ಇಲ್ಲದಿದ್ದರೆ ಕೇಸೇ ಇಲ್ಲ ಎಂದು ಅವರ ಎಣಿಕೆ. ಇದು ತುಂಬ ಜನರ ಎಣಿಕೆ. ಉಪವಿಧಿ ಇಲ್ಲದ ಕಡೆ ಉಪದ್ರವದ ಕಾನೂನು ಬಂದು ಕೂರುತ್ತದೆ, ಮತ್ತು ಅದು ಸಂಖ್ಯೆ ನೋಡುವುದಿಲ್ಲ. ಎರಡೇ ಕೋಳಿ ಇದ್ದರೂ ಗೂಡು ನಾರಿದರೆ ಸಾಕು.

ಹುಂಜದ ಜಗಳ ಬೇರೆ, ಚರಂಡಿಯ ಜಗಳ ಬೇರೆ

ಸಾರ್ವಜನಿಕ ಉಪದ್ರವ ಎಂದರೇನು ಎನ್ನುವುದು ಈಗ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಮಿನಲ್ಲಿದೆ. ಬೇರೆ ಶಿಕ್ಷೆ ಹೇಳದ ಕಡೆ 292ನೇ ಕಲಂ ಪ್ರಕಾರ 1,000 ರೂಪಾಯಿವರೆಗೆ ದಂಡ. ದಂಡಕ್ಕಿಂತ ಬಿಸಿ ತಟ್ಟುವುದು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133. ಉಪವಿಭಾಗಾಧಿಕಾರಿಯಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಉಪದ್ರವ ತೆಗೆಯಿರಿ, ಇಲ್ಲವೇ ಬಂದು ಕಾರಣ ಹೇಳಿ ಎಂದು ಆದೇಶ ಮಾಡಬಹುದು.

ಆದರೆ ಈ ಕಲಂಗಳು "ಸಾರ್ವಜನಿಕ" ತೊಂದರೆಯನ್ನು ನೋಡುತ್ತವೆ, ಸುತ್ತಮುತ್ತ ವಾಸಿಸುವ ಜನಸಾಮಾನ್ಯರಿಗೆ ಆಗುವ ಕಿರುಕುಳವನ್ನು. ಒಂದು ಮನೆಗೆ ಮಾತ್ರ ತಟ್ಟುವ ತೊಂದರೆ ಖಾಸಗಿ ಉಪದ್ರವ. ಅದಕ್ಕೆ ದಾರಿ ಸಿವಿಲ್ ಕೋರ್ಟಿನ ಪ್ರತಿಬಂಧಕಾಜ್ಞೆ. ನಮ್ಮ ಪ್ರಕರಣದಲ್ಲಿ ಎರಡೂ ಇದ್ದವು, ಒಂದರೊಳಗೊಂದು ಕಲೆತುಹೋಗಿದ್ದವು. ಹುಂಜ ಕೂಗಿದ್ದು ಮೇಷ್ಟ್ರ ಕಿಟಕಿಗೆ. ಬೀದಿಯ ಉಳಿದವರಿಗೆ ಅದರಿಂದ ತಕರಾರಿಲ್ಲ. ಅವರಲ್ಲಿ ಅರ್ಧ ಜನ ಮೊಟ್ಟೆಯ ಗಿರಾಕಿಗಳು. ಭಾನುವಾರದ ಪುಕ್ಕ, ಕರುಳು ಹೋಗುತ್ತಿದ್ದದ್ದು ಮನೆ ಮುಂದಿನ ಚರಂಡಿಗೆ. ಅಲ್ಲಿಗೆ ಬೀದಿನಾಯಿಗಳು ಬರುತ್ತಿದ್ದವು, ಶಾಲೆಗೆ ಹೋಗುವ ಮಕ್ಕಳನ್ನು ಅಟ್ಟಿಸುತ್ತಿದ್ದವು. ದೂರಿಗೆ ಸಹಿ ಹಾಕಿದ ಬೇರೆ ಆರು ಮನೆಯವರನ್ನು ಮಾತಾಡಿಸಿದಾಗ ಯಾರೂ ಕೋಳಿಯ ಸುದ್ದಿ ಎತ್ತಲಿಲ್ಲ. ಎಲ್ಲರದೂ ನಾಯಿಯ ಮಾತೇ.

ಅಲ್ಲಿಗೆ ನನಗೆ ಪ್ರಕರಣದ ತಿರುಳು ಸಿಕ್ಕಿತು. ಪುರಸಭೆಯ ಕೈ ಗಟ್ಟಿಯಾಗಿದ್ದದ್ದು ಕೋಳಿ ಸಾಕಿದ್ದರಲ್ಲಲ್ಲ, ಕೊಯ್ದದ್ದರಲ್ಲಿ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಯಾರೇ ಆಗಲಿ ತ್ಯಾಜ್ಯವನ್ನು ಬೀದಿಗೆ, ಚರಂಡಿಗೆ ಎಸೆಯುವಂತಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿಯ 2001ರ ವಧಾಗೃಹ ನಿಯಮಗಳು ಪಟ್ಟಣ ವ್ಯಾಪ್ತಿಯಲ್ಲಿ ಮಾನ್ಯತೆ ಅಥವಾ ಪರವಾನಗಿ ಪಡೆದ ವಧಾಗೃಹದಲ್ಲಲ್ಲದೆ ಬೇರೆಡೆ ಪ್ರಾಣಿ ಕೊಯ್ಯಬಾರದು ಎನ್ನುತ್ತವೆ. ಕೋಳಿ "ಪ್ರಾಣಿ"ಯೇ ಅಲ್ಲವೇ ಎಂದು ನಗಬೇಡಿ, 2023ರಲ್ಲಿ ಗುಜರಾತ್ ಹೈಕೋರ್ಟಿನಲ್ಲಿ ಇದೇ ಪ್ರಶ್ನೆ ಎದ್ದು, ಹೌದು ಕೋಳಿಯೂ ಪ್ರಾಣಿಯೇ ಎಂದು ಸರ್ಕಾರದ ವಕೀಲರು ಹೇಳಬೇಕಾಗಿ ಬಂದಿತ್ತು.

ಮಾರಾಟದಲ್ಲಿ ಮೂರು ಬಗೆ

ಮನೆಯೊಡತಿಗೆ ಆರೋಗ್ಯ ನಿರೀಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟಿದ್ದರು: "ಸುಮ್ನೆ ಒಂದು ಟ್ರೇಡ್ ಲೈಸೆನ್ಸ್ ಮಾಡಿಸ್ಕೊಳ್ಳಿ, ತಲೆನೋವು ಮುಗೀತದೆ." ಮುಗಿಯುತ್ತಿರಲಿಲ್ಲ. ವಾಸದ ವಲಯದ ಮನೆಗೆ ಮಾಂಸದ ಅಂಗಡಿ ಎಂದು ಅರ್ಜಿ ಹಾಕಿದರೆ ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು, ಮತ್ತು ಇಷ್ಟು ದಿನ ಪರವಾನಗಿ ಇಲ್ಲದೆ ಮಾಂಸದ ವ್ಯಾಪಾರ ಮಾಡಿದ್ದೇನೆ ಎಂದು ತಾವೇ ಬರೆದುಕೊಟ್ಟ ಹಾಗಾಗುತ್ತದೆ. ಅರ್ಜಿ ಹಾಕುವ ಮೊದಲು ಏನು ಮಾರುತ್ತೀರಿ ಎಂಬುದನ್ನು ಬಿಡಿಸಿ ನೋಡಬೇಕು.

ಜೀವಂತ ಕೋಳಿ ಆಹಾರವೇ ಅಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ "ಆಹಾರ" ಎಂಬುದನ್ನು ವಿವರಿಸುವಾಗ, ತಿನ್ನಲು ಮಾರುಕಟ್ಟೆಗೆ ಸಿದ್ಧಪಡಿಸದ ಜೀವಂತ ಪ್ರಾಣಿಗಳನ್ನು ಹೊರಗಿಡುತ್ತದೆ. ಕಾಲು ಕಟ್ಟಿ ಕೊಟ್ಟ ಹುಂಜದ ಮೇಲೆ ಆಹಾರ ಇಲಾಖೆಗೆ ಅಧಿಕಾರವಿಲ್ಲ. ಆದರೆ ಕಾಲು ಕಟ್ಟಿ ತಲೆಕೆಳಗಾಗಿ ಬೈಕಿನ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೋದರೆ 1960ರ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ಬರುತ್ತದೆ. ಮೊದಲ ಅಪರಾಧಕ್ಕೆ ಅದರಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ, ಹಳೆಯ ಕಾಲದ ದರ. ಮಗ ಹಾಗೆಯೇ ತಲುಪಿಸುತ್ತಿದ್ದ. ಕುಕ್ಕೆ ಇಟ್ಟುಕೊಳ್ಳಲು ಹೇಳಿದೆ.

ಮೊಟ್ಟೆಯ ವಿಚಾರ ಸೊಗಸಾಗಿದೆ. ಅದೇ ಕಾಯ್ದೆ ಪಶುಸಂಗೋಪನೆಯ ಉತ್ಪನ್ನವನ್ನು, ಅದರ ಸಹಜ ರೂಪದಲ್ಲಿ, "ಪ್ರಾಥಮಿಕ ಆಹಾರ" ಎನ್ನುತ್ತದೆ. ಒಂದು ಷರತ್ತು: ಅದು ರೈತನಲ್ಲದವರ ಕೈಯಲ್ಲಿರಬೇಕು. 18ನೇ ಕಲಮಿನ 3ನೇ ಉಪಕಲಂ ಇನ್ನೂ ನೇರ, ರೈತನಿಗೆ, ಅವನ ಜಾನುವಾರಿಗೆ ಈ ಕಾಯ್ದೆ ಅನ್ವಯಿಸದು. ಹಾಗಾದರೆ ತನ್ನ ಕೋಳಿ ಇಟ್ಟ ಮೊಟ್ಟೆಯನ್ನು ತಾನೇ ಮಾರುವವಳ ಕೈಯಲ್ಲಿ ಅದು ಕಾಯ್ದೆಯ ಹೊರಗೆ. ಅದೇ ಮೊಟ್ಟೆ ಮೂಲೆಯ ಕಿರಾಣಿ ಅಂಗಡಿಯ ಟ್ರೇಗೆ ಹೋದ ಕೂಡಲೇ ಒಳಗೆ, ಮತ್ತು ನೋಂದಣಿ ಅಂಗಡಿಯವನ ಜವಾಬ್ದಾರಿ.

ಪಟ್ಟಣದ ಸೈಟಿನಲ್ಲಿ ಕೋಳಿ ಸಾಕುವ ಹೊಲಿಗೆಯಾಕೆ "ರೈತ"ಳೇ? ವಾದ ಕಟ್ಟಬಹುದು. ನಮ್ಮ 1961ರ ಭೂಸುಧಾರಣೆ ಕಾಯ್ದೆಯಲ್ಲಿ "ವ್ಯವಸಾಯ" ಎಂಬುದರೊಳಗೆ ಕೋಳಿ ಸಾಕಣೆಯೂ ಸೇರಿದೆ. ಕೇಳಲು ಚೆನ್ನಾಗಿದೆ, ಆದರೆ ಅದು ಜಮೀನಿನ ಪ್ರಶ್ನೆಗೆ ಬರೆದ ವ್ಯಾಖ್ಯೆ, ಹಿತ್ತಲಿನ ಮೊಟ್ಟೆಗಲ್ಲ. ಪುರಸಭೆಯೆದುರು ಇದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ ಎಂದು ನನ್ನ ಅಭಿಪ್ರಾಯ. ಇದಕ್ಕಿಂತ ಸುಲಭದ ದಾರಿ ಇದೆ. ಅದೇ ಕಾಯ್ದೆಯ 31ನೇ ಕಲಂ ಸಣ್ಣ ಮಾರಾಟಗಾರರನ್ನು ಪರವಾನಗಿಯಿಂದ ಬಿಟ್ಟು ನೋಂದಣಿ ಮಾತ್ರ ಕೇಳುತ್ತದೆ. 2011ರ ನಿಯಮಾವಳಿ ಆ ಸಣ್ಣ ವರ್ಗಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿತು. ಬೇಕೋ ಬೇಡವೋ ಎಂದು ವಾದ ಮಾಡುವ ಬದಲು 100 ರೂಪಾಯಿ ಕಟ್ಟಿ ನೋಂದಣಿ ಪತ್ರ ಗೋಡೆಗೆ ಅಂಟಿಸುವುದು ಒಳ್ಳೆಯದು. ಮನೆಯೊಡತಿ ಹಾಗೆಯೇ ಮಾಡಿದರು.

ಅವರಿಗೆ ನೋಂದಣಿ ಮಾಡಿಸಲು ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ನನಗೆ ತಡವಾಗಿ ಹೇಳಿದರು. ನಾಟಿ ಹೇಂಟೆ ವರ್ಷಕ್ಕೆ ಇಡುವುದು ಐವತ್ತು ಅರವತ್ತು ಮೊಟ್ಟೆ. ಮಧ್ಯೆ ಕಾವಿಗೆ ಕೂತರೆ ಅದೂ ಇಲ್ಲ. ಗಿರಾಕಿ ಹೆಚ್ಚಾದಾಗ ಅವರು ಊರಾಚೆಯ ಒಬ್ಬರಿಂದ ಗಿರಿರಾಜ ಕೋಳಿಯ ಮೊಟ್ಟೆ ತಂದು ಬೆರೆಸಿ, ಎಲ್ಲವನ್ನೂ ನಾಟಿ ಎಂದೇ ಮಾರುತ್ತಿದ್ದರು. ಗಿರಿರಾಜ ನಮ್ಮ ಹೆಬ್ಬಾಳದಲ್ಲೇ ರೂಪಿಸಿದ ಒಳ್ಳೆಯ ತಳಿ, ಹಿತ್ತಲಿಗೆಂದೇ ಮಾಡಿದ್ದು, ಮೊಟ್ಟೆಯೂ ನಾಟಿಗಿಂತ ಎರಡು ಪಟ್ಟು ಹೆಚ್ಚು. ಮಾರುವುದರಲ್ಲಿ ತಪ್ಪಿಲ್ಲ, ಹೆಸರು ಬದಲಿಸಿ ಮಾರುವುದರಲ್ಲಿದೆ. ಅಲ್ಲಿ ಎರಡು ಗಂಟು ಬೀಳುತ್ತವೆ. ಬೇರೆಯವರ ಮೊಟ್ಟೆ ಕೊಂಡು ಮಾರಿದ ಕೂಡಲೇ ಆಕೆ ಸಾಕುವವಳಲ್ಲ, ವ್ಯಾಪಾರಿ. "ರೈತ" ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಮತ್ತು ಇಲ್ಲದ ಗುಣ ಹೇಳಿ ಜಾಹೀರಾತು ಮಾಡುವುದಕ್ಕೆ ಆಹಾರ ಕಾಯ್ದೆಯ 53ನೇ ಕಲಂ 10 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಹಿತ್ತಲ ಮೊಟ್ಟೆಗೆ ಅಷ್ಟು ದಂಡ ಬೀಳುವುದಿಲ್ಲ, ನಿಜ. ಆದರೂ ಎರಡು ಬುಟ್ಟಿ ಇಟ್ಟು ಎರಡು ಚೀಟಿ ಅಂಟಿಸಲು ಏನೂ ಖರ್ಚಿಲ್ಲ.

ಮೂರನೆಯದು ಕೊಯ್ದ ಮಾಂಸ. ಇಲ್ಲಿ ಯಾವ ವಾದವೂ ಇಲ್ಲ. ಕುತ್ತಿಗೆ ಕೊಯ್ದು ಪುಕ್ಕ ಕಿತ್ತು ತೂಗಿದರೆ ಅದು ಆಹಾರ, ಮಾರುವವರು ಆಹಾರ ಉದ್ದಿಮೆದಾರರು. ದಿನಕ್ಕೆ 50 ಕೋಳಿಯವರೆಗೆ ಕೊಯ್ಯುವವರು 2011ರ ನಿಯಮಾವಳಿಯ ಸಣ್ಣ ವರ್ಗದಲ್ಲೇ ಬರುತ್ತಾರೆ ಎಂಬುದನ್ನು ಓದಿಕೊಂಡು ಮಗ ಹುರುಪಿನಿಂದ ಬಂದಿದ್ದ. ಅದು ಆಹಾರ ಇಲಾಖೆಯ ಬಾಗಿಲು ಮಾತ್ರ. ಪುರಸಭೆಯ ಮಾಂಸದಂಗಡಿ ಪರವಾನಗಿ ಬೇರೆ, ವಲಯ ನಿಯಮ ಬೇರೆ, ವಧೆಯ ನಿಯಮ ಬೇರೆ, ತ್ಯಾಜ್ಯ ಬೇರೆ. ಒಂದು ಬಾಗಿಲು ತೆರೆದಿದೆ ಎಂದು ಉಳಿದ ನಾಲ್ಕು ತೆರೆಯುವುದಿಲ್ಲ. ಮನೆಯಲ್ಲಿ ಕೊಯ್ಯುವುದನ್ನು ನಿಲ್ಲಿಸಿ ಎಂದೆ. ಅವರ ಆದಾಯದಲ್ಲಿ ದೊಡ್ಡ ಪಾಲು ಅದೇ ಆಗಿತ್ತು. ಒಪ್ಪಿಸಲು ಸಮಯ ಹಿಡಿಯಿತು.

ಮಹಜರಿನ ದಿನ

ಉತ್ತರ ಸಲ್ಲಿಸಿದ ಮೇಲೆ ಮುಖ್ಯಾಧಿಕಾರಿಗಳು ಸ್ಥಳ ಮಹಜರಿಗೆ ಹೇಳಿದರು. ಆರೋಗ್ಯ ನಿರೀಕ್ಷಕರು, ಪಶು ಆಸ್ಪತ್ರೆಯ ವೈದ್ಯರು, ಮೇಷ್ಟ್ರು, ಬೀದಿಯ ಇಬ್ಬರು ಪಂಚರು. ಬಂದದ್ದು ಮಟಮಟ ಮಧ್ಯಾಹ್ನ. ನಿರೀಕ್ಷಕರು ಕೋಳಿ ಎಣಿಸಲು ಹೋಗಿ ಎರಡು ಸಲ ಬೇರೆ ಬೇರೆ ಸಂಖ್ಯೆ ಬರೆದು ಹೊಡೆದುಹಾಕಿದರು. ವೈದ್ಯರು ನಕ್ಕು, ಕೋಳಿ ಎಣಿಸಬೇಕಾದರೆ ಹೊತ್ತು ಮುಳುಗಿದ ಮೇಲೆ ಬನ್ನಿ, ಗೂಡಿನ ಅಡ್ಡಗೋಲಿನ ಮೇಲೆ ಸಾಲಾಗಿ ಕೂತಿರುತ್ತವೆ ಎಂದರು. ಮಹಜರಿನಲ್ಲಿ ಕೊನೆಗೆ "ಸುಮಾರು 20" ಎಂದು ಬಿತ್ತು.

ಗೂಡಿನ ಕೆಳಗೆ ಒಂದು ಹಳೆಯ ತಗಡು. ಅದರ ಮೇಲೆ ಹಿಕ್ಕೆ ಒಂದು ಗೇಣು ದಪ್ಪ ಕೂತಿತ್ತು. ಮೇಲಿನ ಪದರ ಒಣಗಿ ಬೂದಿ ಬಣ್ಣ, ಕೆಳಗೆ ಹಸಿ. ನೀರಿನ ಬಟ್ಟಲು ಅಲ್ಲೇ ಪಕ್ಕದಲ್ಲಿದ್ದು, ಕೋಳಿ ಕುಡಿಯುವಾಗ ಚೆಲ್ಲಿದ ನೀರೆಲ್ಲ ತಗಡಿಗೇ ಇಳಿಯುತ್ತಿತ್ತು. ವೈದ್ಯರು ಕಡ್ಡಿಯಿಂದ ಕೆದಕಿದಾಗ ಬಿಳಿ ಹುಳುಗಳು ಮಿಸುಕಾಡಿದವು. ಮೇಷ್ಟ್ರು ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಬೆಚ್ಚಗಿನ ಹವೆಯಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ವಾರ, ಹತ್ತು ದಿನ. ಆ ಸುತ್ತು ಮುಗಿಯುವ ಮೊದಲೇ ಹಿಕ್ಕೆ ಬಳಿದು ತೆಗೆದರೆ ನೊಣ ಹುಟ್ಟುವುದೇ ಇಲ್ಲ. ಒಣಗಿದ ಹಿಕ್ಕೆಯಲ್ಲಿ ಹುಳು ಬದುಕುವುದಿಲ್ಲ, ಹಸಿಯಲ್ಲಿ ಬದುಕುತ್ತದೆ. ದೊಡ್ಡ ಕೋಳಿ ದಿನಕ್ಕೆ ನೂರು ಗ್ರಾಂನಷ್ಟು ಹಿಕ್ಕೆ ಹಾಕುತ್ತದೆ. 21 ಕೋಳಿಗೆ ದಿನಕ್ಕೆ ಎರಡು ಕಿಲೋ. ವಾರಕ್ಕೆರಡು ಬಾರಿ ಬಳಿದು, ತಗಡಿಗೆ ಭತ್ತದ ಹೊಟ್ಟು ಹರಡಿ, ನೀರಿನ ಬಟ್ಟಲು ಹೊರಗಿಟ್ಟರೆ ಸಾಕು. ವೈದ್ಯರು ಇದನ್ನು ಮಹಜರಿನಲ್ಲಿ ಬರೆಸಿದರು. ಮೂರು ಪುಟದ ದೂರಿನಲ್ಲಿ ಒಂದೂವರೆ ಪುಟಕ್ಕೆ ಈ ಒಂದು ವಾಕ್ಯವೇ ಉತ್ತರವಾಯಿತು.

ಹುಂಜದ ಮಾತಿಗೆ ಬಂದಾಗ ಮನೆಯೊಡತಿ, "ರಾತ್ರಿ ಮಂಕರಿ ಮುಚ್ಚಿ ಮೇಲೆ ಗೋಣಿಚೀಲ ಹಾಕ್ತೀನಿ, ಬೆಳಕು ಕಾಣ್ದಿದ್ರೆ ಕೂಗಲ್ಲ" ಎಂದರು. ಇದು ಆಗದ ಮಾತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಮಂಕು ಬೆಳಕಿನಲ್ಲೇ ಇಟ್ಟರೂ ಹುಂಜಗಳು ತಮ್ಮ ಒಳಗಿನ ಗಡಿಯಾರ ಹಿಡಿದು ನಸುಕಿನ ಹೊತ್ತಿಗೆ ಕೂಗಿದ್ದವು. ಗೋಣಿಚೀಲ ಸದ್ದನ್ನು ಸ್ವಲ್ಪ ತಗ್ಗಿಸಬಹುದು, ಕೂಗನ್ನು ತಡೆಯುವುದಿಲ್ಲ. ಮೇಷ್ಟ್ರು 2000ದ ಶಬ್ದಮಾಲಿನ್ಯ ನಿಯಮ ಓದಿಕೊಂಡು ಬಂದಿದ್ದರು: ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಹುಂಜಕ್ಕೆ ಆ ನಿಯಮ ಹಚ್ಚಿದ್ದನ್ನು ನಾನು ನೋಡಿಲ್ಲ, ಆದರೆ ಸಿವಿಲ್ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಆ ಅಂಕಿಯತ್ತ ಕಣ್ಣು ಹಾಯಿಸದೆ ಇರಲಾರರು.

"ಹುಂಜ ಇಲ್ದೆ ಮೊಟ್ಟೆ ಹೆಂಗಿಕ್ತವೆ ಸಾರ್?" ಎಂದು ಮನೆಯೊಡತಿ ಕೇಳಿದ್ದು ವೈದ್ಯರನ್ನು. ಮೊಟ್ಟೆಗೆ ಹುಂಜ ಬೇಕಿಲ್ಲ ಕಣಮ್ಮ, ಮರಿಗೆ ಬೇಕು, ಎಂದರು ವೈದ್ಯರು. ಪಂಚರಲ್ಲಿ ಒಬ್ಬರಿಗೂ ಇದು ಹೊಸ ಸುದ್ದಿಯಾಗಿತ್ತು. ಮೂರೂ ಹುಂಜ ತವರಿಗೆ ಹೋಗುವುದೆಂದಾಯಿತು. ಮರಿ ಬೇಕಾದಾಗ ಅಲ್ಲಿಂದ ಮೊಟ್ಟೆ ತಂದು ಕಾವಿಗೆ ಕೂರಿಸಿಕೊಳ್ಳುವುದು.

ರೋಗದ ಭಯಕ್ಕೆ ವೈದ್ಯರೇ ಉತ್ತರ ಕೊಟ್ಟರು. ಕೋಳಿ ಇದ್ದ ಮಾತ್ರಕ್ಕೆ ಹಕ್ಕಿಜ್ವರವಿಲ್ಲ. ಹಿತ್ತಲಲ್ಲಿ ಹೆಚ್ಚು ಕೊಲ್ಲುವುದು ಕೊಕ್ಕರೆ ರೋಗ (ರಾಣಿಖೇತ್), ಅದಕ್ಕೆ ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಆರರಿಂದ ಎಂಟು ವಾರಕ್ಕೆ ಚುಚ್ಚುಮದ್ದು. ಆದರೆ ಕೋಳಿಗಳು ಸಾಲಾಗಿ ಸತ್ತರೆ ಮುಚ್ಚಿಡುವಂತಿಲ್ಲ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯ 4ನೇ ಕಲಂ ಪ್ರಕಾರ ತಿಳಿಸುವುದು ಸಾಕಿದವರ ಕರ್ತವ್ಯ. ಹಕ್ಕಿಜ್ವರದ ಶಂಕೆ ಇದ್ದರೆ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗುತ್ತದೆ, ದೃಢಪಟ್ಟರೆ ಕೇಂದ್ರದ ಕ್ರಿಯಾಯೋಜನೆಯ ಪ್ರಕಾರ ಸುತ್ತಲ 1 ಕಿಲೋಮೀಟರ್ ಸೋಂಕಿತ ವಲಯ, 10 ಕಿಲೋಮೀಟರ್‌ವರೆಗೆ ನಿಗಾ ವಲಯ. ಪರಿಹಾರ ಸಿಗುವುದು ಇಲಾಖೆ ಕೊಂದ ಕೋಳಿಗೆ ಮಾತ್ರ, ಅದಕ್ಕೆ ಮೊದಲು ಸತ್ತದ್ದಕ್ಕಲ್ಲ. ಈ ಕೊನೆಯ ಮಾತನ್ನು ಕೇಳಿ ಮನೆಯೊಡತಿ ವೈದ್ಯರ ಫೋನ್ ನಂಬರ್ ಬರೆದುಕೊಂಡರು.

ಮುಚ್ಚಳಿಕೆ

ಪುರಸಭೆಗೆ ಕೊಟ್ಟ ಮುಚ್ಚಳಿಕೆಯಲ್ಲಿ ಇಷ್ಟಿತ್ತು: ಹೇಂಟೆ ಹದಿನೈದಕ್ಕೆ ಮೀರದು, ಹುಂಜ ಇರದು, ಗೂಡು ಮೇಷ್ಟ್ರ ಗೋಡೆಯಿಂದ ಎದುರು ಬದಿಗೆ ಹೋಗುವುದು, ಹಿಕ್ಕೆ ವಾರಕ್ಕೆರಡು ಬಾರಿ ತೆಗೆದು ಮುಚ್ಚಿದ ಡ್ರಮ್ಮಿನಲ್ಲಿಟ್ಟು ತೋಟದವರಿಗೆ ಕೊಡುವುದು, ಮನೆಯಲ್ಲಿ ಮಾರಾಟಕ್ಕೆ ಕೊಯ್ಯುವುದಿಲ್ಲ, ಮೊಟ್ಟೆ, ಜೀವಂತ ಕೋಳಿ ಮಾತ್ರ, ಸಾವು ಕಂಡರೆ ಪಶು ಆಸ್ಪತ್ರೆಗೆ ತಿಳಿಸುವುದು. ಹದಿನೈದು ಎಂಬ ಸಂಖ್ಯೆ ಯಾವ ಕಾಯ್ದೆಯಿಂದಲೂ ಬಂದದ್ದಲ್ಲ, ಮೇಷ್ಟ್ರು ಹತ್ತು ಎಂದರು, ಈಕೆ ಇಪ್ಪತ್ತು ಎಂದರು. ಅದನ್ನು ನಿಯಮವೆಂದು ಯಾರೂ ಬೇರೆ ಊರಿನಲ್ಲಿ ಉದಾಹರಿಸಬಾರದು.

ಮುಖ್ಯಾಧಿಕಾರಿಗಳು ಮಹಜರು ಮತ್ತು ಮುಚ್ಚಳಿಕೆ ದಾಖಲಿಸಿಕೊಂಡು ನೋಟಿಸಿನ ಕ್ರಮ ಕೈಬಿಟ್ಟರು. ಷರತ್ತು ಮುರಿದರೆ ಹಳೆಯ ಕಡತ ಮತ್ತೆ ತೆರೆಯುತ್ತದೆ. ಮೇಷ್ಟ್ರಿಗೆ ಸಿವಿಲ್ ಕೋರ್ಟಿನ ದಾರಿ ಹಾಗೆಯೇ ಇದೆ, ಪುರಸಭೆ ಕಡತ ಮುಚ್ಚಿದ ಮಾತ್ರಕ್ಕೆ ಅದು ಮುಚ್ಚುವುದಿಲ್ಲ; ಇದನ್ನು ಮನೆಯೊಡತಿಗೆ ಸ್ಪಷ್ಟವಾಗಿ ಹೇಳಿದ್ದೇನೆ. ವರ್ಷತೊಡಕಿಗೆ ಕೋಳಿ ಮಾರಿದರು, ಜೀವಂತ. ಕೊಯ್ಯಿಸಿಕೊಳ್ಳುವವರು ಪರವಾನಗಿ ಇರುವ ಕೋಳಿ ಅಂಗಡಿಗೆ ಒಯ್ದು, ಅಲ್ಲಿ ಕೊಯ್ಯುವ ಕೂಲಿ ಕೊಟ್ಟು ಮಾಡಿಸಿಕೊಂಡರು. ಲಾಭ ಕಡಿಮೆಯಾಯಿತು ಎಂಬ ಅಸಮಾಧಾನ ಅವರಿಗಿದೆ, ಅದು ಸುಳ್ಳೂ ಅಲ್ಲ.

ಸ್ವಲ್ಪ ದಿನಕ್ಕೆ ಅದೇ ವಾರ್ಡಿನ ಇನ್ನೊಬ್ಬರು ಅಂಥದ್ದೇ ನಾಲ್ಕು ಸಾಲಿನ ನೋಟಿಸು ಹಿಡಿದು ಬಂದರು. "ಆ ಅಕ್ಕಂಗೆ ಬರೆದುಕೊಟ್ರಲ್ಲ, ಅದ್ರದೇ ಒಂದು ಜೆರಾಕ್ಸ್ ಕೊಡಿ ಸಾರ್, ಹೆಸರು ಬದ್ಲಾಯಿಸ್ಕೋತೀನಿ." ಅವರ ಮನೆಯಲ್ಲಿ ಹುಂಜವಿಲ್ಲ, ಗೂಡು ಚೊಕ್ಕಟ, ಅಕ್ಕಪಕ್ಕ ಯಾರದೂ ದೂರಿಲ್ಲ. ಆದರೆ ರಸ್ತೆ ಬದಿಗೆ ಒಲೆ, ತಕ್ಕಡಿ, ಮರದ ದಿಮ್ಮಿ ಇಟ್ಟು ವಾರವಿಡೀ ಕೊಯ್ದು ಮಾರುತ್ತಾರೆ. ಆ ಉತ್ತರ ಇದಕ್ಕೆ ಹೊಂದುವುದಿಲ್ಲ ಎಂದು ವಾಪಸು ಕಳಿಸಿದೆ, ಅಂಗಡಿಗೆ ಬಾಡಿಗೆ ಜಾಗ ವಾಣಿಜ್ಯ ವಲಯದಲ್ಲಿ ಸಿಗುತ್ತದೆಯೇ ನೋಡಿಕೊಂಡು ಬನ್ನಿ ಎಂದು.